ಜೀವಕೋಶದ ಚಿತ್ರಕಾರರಾಗಲು ಯಾವ ದಾರಿ? ಲ್ಯಾಬ್, ವಿದೇಶದ ಮಾಸ್ಟರ್ಸ್, ಡಿಸೈನ್ ಶಾಲೆ, ಇಲ್ಲ ಸೀದಾ ಫ್ರೀಲಾನ್ಸ್

ಈ ಪ್ರಶ್ನೆ ಕೇಳುವವರಲ್ಲಿ ಎರಡು ಗುಂಪು. ಒಂದು ಗುಂಪಿನವರು ಬಯೋಟೆಕ್ ಅಥವಾ ಮೈಕ್ರೊಬಯಾಲಜಿ ಓದಿದವರು, ರೆಕಾರ್ಡ್ ಬುಕ್ಕಿನ ಚಿತ್ರಗಳನ್ನು ಅರ್ಧ ಕ್ಲಾಸಿಗೆ ಬರೆದುಕೊಟ್ಟವರು. ಇನ್ನೊಂದು ಗುಂಪಿನವರು ಚಿತ್ರಕಲೆಯನ್ನೋ ಅನಿಮೇಶನ್ ಅನ್ನೋ ಕಲಿತವರು, ಡಿಎನ್ಎ ನಕಲಾಗುವ ಒಂದು ವಿಡಿಯೊ ನೋಡಿ ಅಲ್ಲೇ ಸಿಕ್ಕಿಬಿದ್ದವರು. ಇಬ್ಬರಿಗೂ ಗೊತ್ತಿರುವುದು ಇಷ್ಟು: ಜೀವಕೋಶದೊಳಗೆ ನಡೆಯುವುದನ್ನು ಚಿತ್ರವಾಗಿಸಿ ಬದುಕುವವರು ಈ ಲೋಕದಲ್ಲಿದ್ದಾರೆ. ಅಲ್ಲಿಗೆ ಹೋಗುವ ಬಸ್ ಎಲ್ಲಿ ಸಿಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ.

ಈ ಕೆಲಸ ನಿಮಗೆ ಅಪರಿಚಿತವೇನಲ್ಲ. 2020ರಲ್ಲಿ ಟಿವಿ, ಪೇಪರ್, ವಾಟ್ಸಾಪ್ ಎಲ್ಲ ಕಡೆ ಕಂಡ, ಬೂದು ಗುಂಡಿನ ಮೇಲೆ ಕೆಂಪು ಮುಳ್ಳುಗಳಿದ್ದ ಕೊರೊನಾ ಚಿತ್ರ ನೆನಪಿದೆ ಅಲ್ವಾ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಕೆಲಸ ಮಾಡುತ್ತಿದ್ದ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಎಂಬ ಇಬ್ಬರು ಚಿತ್ರಕಾರರು ಮಾಡಿದ್ದು ಅದು.

ದಾರಿಗಳು ಮುಖ್ಯವಾಗಿ ನಾಲ್ಕು. ಅವನ್ನು ಹೋಲಿಸುವ ಮೊದಲು ಯಾವುದರ ಮೇಲೆ ಅಳೆಯಬೇಕು ಎಂದು ನೋಡೋಣ.

ಅಳತೆಗೋಲುಗಳು

ಮೊದಲನೆಯದು, ಉಳಿದೆಲ್ಲಕ್ಕಿಂತ ದೊಡ್ಡದು: ನಿಮ್ಮಲ್ಲಿ ಯಾವುದು ಕಡಿಮೆ ಇದೆ, ವಿಜ್ಞಾನವೋ ಕೈಚಳಕವೋ? ಹೆಚ್ಚಿನವರು ತಮಗೆ ಇಷ್ಟವಾದುದನ್ನೇ ಇನ್ನಷ್ಟು ಕಲಿಸುವ ದಾರಿ ಹಿಡಿಯುತ್ತಾರೆ. ಚಿತ್ರ ಚೆನ್ನಾಗಿ ಬರೆಯುವವರು ಮತ್ತೊಂದು ಚಿತ್ರದ ಕೋರ್ಸಿಗೆ ಸೇರುತ್ತಾರೆ. ಈ ಕೆಲಸದಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಕ್ಕಿಯ ಚಿತ್ರ ಬರೆಯುವವರ ಮುಂದೆ ಹಕ್ಕಿ ಇರುತ್ತದೆ. ಪ್ರೋಟೀನಿನ ಚಿತ್ರ ಬರೆಯುವವರ ಮುಂದೆ ಏನೂ ಇರುವುದಿಲ್ಲ. ಒಂದು ಪ್ರೋಟೀನಿನ ಗಾತ್ರ ಕೆಲವೇ ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ 400ರಿಂದ 700 ನ್ಯಾನೊಮೀಟರ್. ಹಾಗಾಗಿ ಆ ಗಾತ್ರದಲ್ಲಿ ನಾವು ಹೇಳುವ ಅರ್ಥದ ನೋಟವೂ ಇಲ್ಲ, ಬಣ್ಣವೂ ಇಲ್ಲ. ಬಣ್ಣ ನೀವು ಕೊಟ್ಟದ್ದು. ನೀರಿನ ಕಣಗಳನ್ನು ಬಿಟ್ಟದ್ದೂ ನೀವೇ. ಕೋಶದೊಳಗೆ ಸಂತೆಯಂತೆ ಕಿಕ್ಕಿರಿದ ಅಣುಗಳಲ್ಲಿ ಮುಕ್ಕಾಲು ಭಾಗವನ್ನು ತೆಗೆದು ನಾಲ್ಕನ್ನು ಮಾತ್ರ ಉಳಿಸಿದ್ದೂ ನೀವೇ. ಹಾರ್ವರ್ಡ್‌ಗಾಗಿ ಎಕ್ಸ್‌ವೈವೊ ಸ್ಟುಡಿಯೊ 2006ರಲ್ಲಿ ಮಾಡಿದ ಪ್ರಸಿದ್ಧ ಅನಿಮೇಶನ್ ನೋಡಿ. ಕೈನೆಸಿನ್ ಎಂಬ ಮೋಟಾರ್ ಪ್ರೋಟೀನು ಒಂದು ದೊಡ್ಡ ಚೀಲವನ್ನು ಎಳೆದುಕೊಂಡು ಗಂಭೀರವಾಗಿ ನಡೆಯುತ್ತದೆ, ಸುತ್ತ ಬೇಕಾದಷ್ಟು ಖಾಲಿ ಜಾಗ. ನಿಜದಲ್ಲಿ ಅಲ್ಲಿ ಖಾಲಿ ಜಾಗವಿಲ್ಲ. ಆ ನಡಿಗೆಯೂ ಅಷ್ಟು ಶಾಂತವಲ್ಲ, ನಾಲ್ಕೂ ಕಡೆಯಿಂದ ಅಣುಗಳು ಗುದ್ದುತ್ತಿರುತ್ತವೆ. ಆದರೆ ಎಲ್ಲವನ್ನೂ ತೋರಿಸಿದ್ದರೆ ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಏನನ್ನು ಬಿಡಬಹುದು, ಏನನ್ನು ಬಿಟ್ಟರೆ ಸುಳ್ಳಾಗುತ್ತದೆ ಎಂಬ ತೀರ್ಮಾನಕ್ಕೇ ಇಲ್ಲಿ ಸಂಬಳ. ಅದು ಕೈಯಿಂದ ಬರುವುದಲ್ಲ, ಸಂಶೋಧನಾ ಪೇಪರ್ ಓದಿ ಬರುವುದು.

ಎರಡನೆಯದು ಹಣ, ಅದರ ಜೊತೆಗೆ ಕಾಲ. ಮೊದಲು ಎಷ್ಟು ಸುರಿಯಬೇಕು, ಎಷ್ಟು ವರ್ಷ ಕಾಯಬೇಕು, ಕಾಯುವಾಗ ಊಟಕ್ಕೇನು?

ಮೂರನೆಯದು, ನಿಂತ ಚಿತ್ರವೋ ಚಲಿಸುವ ಚಿತ್ರವೋ ಎಂಬುದು. ಜರ್ನಲ್ ಫಿಗರ್ (ಸಂಶೋಧನಾ ಪತ್ರಿಕೆಯ ಪೇಪರಿನೊಳಗಿನ ಚಿತ್ರ), ಮುಖಪುಟ, ಪಠ್ಯಪುಸ್ತಕದ ಚಿತ್ರಗಳನ್ನು ಒಬ್ಬರೇ ಕೂತು ಮಾಡಬಹುದು. 3ಡಿ ಅನಿಮೇಶನ್‌ಗೆ ಒಳ್ಳೆಯ ಕಂಪ್ಯೂಟರ್ ಬೇಕು, ಸಮಯ ಬೇಕು, ಎಷ್ಟೋ ಸಲ ತಂಡವೇ ಬೇಕು.

ನಾಲ್ಕನೆಯದು, ಊರು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದುಕೊಂಡೇ ಮಾಡಬೇಕೋ, ದೇಶ ಬಿಡಲು ತಯಾರೋ? ಇದನ್ನು ಕೊನೆಗೆ ಯೋಚಿಸೋಣ ಅಂತ ಬಿಡಬೇಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ

ವಿಜ್ಞಾನ ಕಡಿಮೆಯೋ ಕೈ ಕಡಿಮೆಯೋ ಎಂದು ಸುಮ್ನೆ ಊಹಿಸಬೇಡಿ. ಒಂದು ವಾರ ಬಿಡುವು ಮಾಡಿಕೊಂಡು ಇದನ್ನು ಬರೆಯಿರಿ: ಮೈಕ್ರೊಟ್ಯೂಬ್ಯೂಲ್ (ಕೋಶದೊಳಗಿನ ಕೊಳವೆಯಂಥ ಹಳಿ) ಮೇಲೆ ಕೈನೆಸಿನ್, ಪಕ್ಕದಲ್ಲಿ ಒಂದೆರಡು ರೈಬೊಸೋಮ್ (ಪ್ರೋಟೀನ್ ತಯಾರಿಸುವ ಯಂತ್ರ), ಒಂದು ಮೂಲೆಯಲ್ಲಿ ಕೋಶದ ಪೊರೆ. ಎಲ್ಲವನ್ನೂ 10 ಲಕ್ಷ ಪಟ್ಟು ಹಿಗ್ಗಿಸಿ. ಆಗ 1 ನ್ಯಾನೊಮೀಟರ್ ಕಾಗದದ ಮೇಲೆ 1 ಮಿಲಿಮೀಟರ್ ಆಗುತ್ತದೆ, ಲೆಕ್ಕ ಸುಲಭ. ಮೈಕ್ರೊಟ್ಯೂಬ್ಯೂಲ್ 25 ಮಿಲಿಮೀಟರ್ ದಪ್ಪ, ಕೈನೆಸಿನ್ ಇಡುವ ಒಂದು ಹೆಜ್ಜೆ 8 ಮಿಲಿಮೀಟರ್, ಡಿಎನ್ಎ ಎಳೆ 2 ಮಿಲಿಮೀಟರ್. ಕೊರೊನಾ ವೈರಸ್ ಅದೇ ಅಳತೆಯಲ್ಲಿ ಸುಮಾರು 10 ಸೆಂಟಿಮೀಟರ್, ಇಡೀ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 2 ಮೀಟರ್ ಉದ್ದ. ಅದು ಕಾಗದಕ್ಕಲ್ಲ, ಗೋಡೆಗೆ ಬೇಕು. ಪ್ರೋಟೀನುಗಳ ಆಕಾರ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುತ್ತದೆ. 2 ಲಕ್ಷಕ್ಕಿಂತ ಜಾಸ್ತಿ ರಚನೆಗಳು ಅಲ್ಲಿವೆ.

ಬರೆಯುವಾಗ ನಿಮ್ಮನ್ನೇ ಗಮನಿಸಿ. ಎಲ್ಲಿ ತಡವಾಯಿತು? ಕೈನೆಸಿನ್ನಿನ ಯಾವ ತುದಿ ಯಾವ ಕಡೆ ಎಂದು ಹುಡುಕುವುದರಲ್ಲೋ, ಬರೆದ ಚಿತ್ರ ಚಪ್ಪಟೆಯಾಗಿ ಕಾಣುತ್ತಿದೆ ಎಂದು ತಿದ್ದುವುದರಲ್ಲೋ? ಎರಡರಲ್ಲಿ ಯಾವ ತಡ ನಿಮಗೆ ಖುಷಿ ಕೊಟ್ಟಿತು? ಈ ಉತ್ತರಗಳನ್ನು ಇಟ್ಟುಕೊಂಡು ಮುಂದೆ ಓದಿ.

ದಾರಿ ಒಂದು: ಮೊದಲು ವಿಜ್ಞಾನಿ, ಆಮೇಲೆ ಚಿತ್ರಕಾರ

ಈ ಕ್ಷೇತ್ರದ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವರು ಈ ದಾರಿಯವರು. ಡೇವಿಡ್ ಗುಡ್‌ಸೆಲ್ ಲಾಸ್ ಏಂಜಲೀಸ್‌ನ ಯುಸಿಎಲ್ಎಯಲ್ಲಿ ಪಿಎಚ್‌ಡಿ ಮಾಡಿದವರು, ಆಮೇಲೆ ಸ್ಕ್ರಿಪ್ಸ್ ಸಂಸ್ಥೆ ಸೇರಿದರು. ಕಿಕ್ಕಿರಿದ ಕೋಶವನ್ನು ಜಲವರ್ಣದಲ್ಲಿ ಬರೆಯುವುದು ಅವರ ಗುರುತು. ಪ್ರೋಟೀನ್ ಡೇಟಾ ಬ್ಯಾಂಕ್‌ಗಾಗಿ 2000ದ ಜನವರಿಯಲ್ಲಿ ತಿಂಗಳಿಗೊಂದು ಅಣುವಿನ ಅಂಕಣ ಶುರು ಮಾಡಿದವರು ಅವರೇ. ಜ್ಯಾನೆಟ್ ಇವಾಸಾ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೋಶವಿಜ್ಞಾನದ ಪಿಎಚ್‌ಡಿ ಮಾಡುತ್ತಿದ್ದಾಗ ಕೈನೆಸಿನ್ ನಡೆಯುವ ಒಂದು ಅನಿಮೇಶನ್ ನೋಡಿ, ಹಾಲಿವುಡ್‌ನ ಒಂದು ವಿಎಫ್ಎಕ್ಸ್ (ಸಿನಿಮಾ ದೃಶ್ಯ ಪರಿಣಾಮ) ಶಾಲೆಗೆ ಹೋಗಿ ಅನಿಮೇಶನ್ ಕಲಿತರು. ಈಗ ಯೂಟಾ ವಿಶ್ವವಿದ್ಯಾಲಯದಲ್ಲಿ ಅವರದೇ ಲ್ಯಾಬ್ ಇದೆ. ಮೆಲ್ಬರ್ನ್‌ನ ಡ್ರೂ ಬೆರಿ ಕೂಡ ಜೀವವಿಜ್ಞಾನ ಓದಿ ಬಂದವರು. 1995ರಿಂದ ಒಂದೇ ಸಂಶೋಧನಾ ಸಂಸ್ಥೆಯಲ್ಲಿ ಅನಿಮೇಶನ್ ಮಾಡುತ್ತಾ, 2010ರಲ್ಲಿ ಅಮೆರಿಕದ ಪ್ರತಿಷ್ಠಿತ ಮೆಕಾರ್ಥರ್ ಫೆಲೋಶಿಪ್ ಪಡೆದರು.

ಖರ್ಚಿನ ದೃಷ್ಟಿಯಿಂದ ನಮ್ಮ ದೇಶದಲ್ಲಿ ಇದು ಅಚ್ಚರಿಯಾಗುವಷ್ಟು ಅಗ್ಗ. ಫೀಸಿಗಿಂತ ಜಾಸ್ತಿ ದುಡ್ಡು ನಿಮಗೇ ಬರುತ್ತದೆ. 2023ರ ಪರಿಷ್ಕರಣೆಯ ಪ್ರಕಾರ ಪಿಎಚ್‌ಡಿಯ ಆರಂಭದ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಆಮೇಲಿನ ಎಸ್‌ಆರ್‌ಎಫ್ 42,000, ಮನೆಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನಲ್ಲೇ ಎನ್‌ಸಿಬಿಎಸ್, ಐಐಎಸ್ಸಿ, ಜಕ್ಕೂರಿನ ಜೆಎನ್‌ಸಿಎಎಸ್ಆರ್ ಎಂಬ ಸಂಶೋಧನಾ ಸಂಸ್ಥೆಗಳಿವೆ, ಹೈದರಾಬಾದಿನಲ್ಲಿ ಸಿಸಿಎಂಬಿ ಇದೆ. ನೆಟ್, ಗೇಟ್ ಥರದ ಪರೀಕ್ಷೆಗಳು ದಾಟಬೇಕಷ್ಟೆ. ಈ 'ಅಷ್ಟೆ' ಎಷ್ಟು ಕಷ್ಟ ಎಂದು ಬರೆದವರಿಗೇ ಗೊತ್ತು.

ಇಲ್ಲಿ ಹೋಗುವುದು ಕಾಲ. ಐದಾರು ವರ್ಷ, ಅದೂ ಚಿತ್ರ ಕಲಿಯುವುದಕ್ಕಲ್ಲ. ಗೈಡ್‌ಗೆ ಬೇಕಿರುವುದು ಪ್ರಯೋಗ ಮತ್ತು ಪೇಪರ್. ಚಿತ್ರ ನಿಮ್ಮ ರಾತ್ರಿಯ ಪಾಲು. ಪ್ರತಿಯಾಗಿ ಸಿಗುವುದನ್ನು ಬೇರೆ ಯಾವ ದಾರಿಯೂ ಕೊಡುವುದಿಲ್ಲ: ವಿಜ್ಞಾನಿ 'ಈ ಭಾಗ ಹೇಗಿದೆ ಅಂತ ಇನ್ನೂ ಗೊತ್ತಿಲ್ಲ' ಎಂದಾಗ, ಆ ಗೊತ್ತಿಲ್ಲದ್ದನ್ನು ಹೇಗೆ ಬರೆಯಬೇಕು ಎಂದು ಸಮನಾಗಿ ಕೂತು ವಾದಿಸುವ ಧೈರ್ಯ.

ನನ್ನ ಅಭಿಪ್ರಾಯ ಇಷ್ಟು: ಚಿತ್ರದ ಆಸೆ ಇಲ್ಲದಿದ್ದರೂ ನೀವು ಪಿಎಚ್‌ಡಿ ಮಾಡುತ್ತಿದ್ದಿರಾ? ಹೌದಾದರೆ ಮಾಡಿ. ಚಿತ್ರಕ್ಕಾಗಿಯೇ ಪಿಎಚ್‌ಡಿ ಅಂದರೆ ಬೇಡ. ಎಂಎಸ್ಸಿ ಮುಗಿಸಿ ಒಂದೆರಡು ವರ್ಷ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿರುವ ಮಧ್ಯದ ದಾರಿಯೂ ಇದೆ, ಅದನ್ನು ಜನ ಕಡೆಗಣಿಸುತ್ತಾರೆ. ಪೇಪರ್ ಓದುವ ಅಭ್ಯಾಸ, ಮೈಕ್ರೊಸ್ಕೋಪ್ ಪರಿಚಯ, ಮೊದಲ ಗಿರಾಕಿಗಳು ಮೂರೂ ಅಲ್ಲೇ ಸಿಗುತ್ತವೆ.

ದಾರಿ ಎರಡು: ವಿದೇಶದಲ್ಲಿ ಮೆಡಿಕಲ್ ಇಲಸ್ಟ್ರೇಶನ್ ಮಾಸ್ಟರ್ಸ್

ಇದು ಹಳೆಯ, ಗೌರವದ ದಾರಿ. ಜರ್ಮನಿಯಿಂದ ಬಂದ ಮ್ಯಾಕ್ಸ್ ಬ್ರೋಡೆಲ್ 1911ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಕಟ್ಟಿದರು. ಇಂದು ಹಾಪ್ಕಿನ್ಸ್, ಆಗಸ್ಟಾ, ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯ ಮತ್ತು ಕೆನಡಾದ ಟೊರಾಂಟೊಗಳಲ್ಲಿ ಮಾನ್ಯತೆ ಪಡೆದ ಎರಡು ವರ್ಷದ ಕೋರ್ಸುಗಳಿವೆ. ಮೇಲೆ ಹೇಳಿದ ಅಲಿಸ್ಸಾ ಎಕರ್ಟ್ ಆಗಸ್ಟಾದಲ್ಲಿ ಓದಿದವರು.

ಸೀಟು ಕಡಿಮೆ. ಹಾಪ್ಕಿನ್ಸ್‌ನಲ್ಲಂತೂ ವರ್ಷಕ್ಕೆ ಬೆರಳೆಣಿಕೆಯ ಜನ. ವಿಜ್ಞಾನದ ಅಂಕಗಳ ಜೊತೆ ಪೋರ್ಟ್‌ಫೋಲಿಯೊ ಬೇಕು, ಅದರಲ್ಲಿ ಮನುಷ್ಯನ ಮೈಯನ್ನು ನೋಡಿ ಬರೆದ ಚಿತ್ರಗಳಿರಬೇಕು. ಬರೀ ಬಯಾಲಜಿ ಓದಿದವರು ಎಡವುವುದು ಇಲ್ಲೇ.

ಎರಡು ವಿಷಯ ಮೊದಲೇ ತಿಳಿದಿರಲಿ. ಒಂದು, ಈ ಕೋರ್ಸುಗಳ ಬೇರು ಅಂಗರಚನೆ ಮತ್ತು ಶಸ್ತ್ರಚಿಕಿತ್ಸೆಯಲ್ಲಿದೆ. ಶವದ ಕೊಯ್ಲು, ಆಪರೇಶನ್ ಥಿಯೇಟರಿನಲ್ಲಿ ನಿಂತು ಸ್ಕೆಚ್ ಮಾಡುವುದು, ಇದೆಲ್ಲ ಇರುತ್ತದೆ. ಕೋಶ, ಅಣುಗಳ ಚಿತ್ರಣವನ್ನೂ ಕಲಿಸುತ್ತಾರೆ. ಆದರೆ ನಿಮಗೆ ಕೋಶ ಮಾತ್ರ ಇಷ್ಟ, ಮೊಣಕಾಲಿನ ಮೂಳೆ ಬೇಡ ಅಂದರೆ ಕಟ್ಟಿದ ಫೀಸಿನ ಒಂದು ಪಾಲು ಬೇಡದ್ದಕ್ಕೆ ಹೋಗುತ್ತದೆ. ಎರಡು, ಖರ್ಚು. ಫೀಸು, ಬಾಡಿಗೆ, ಊಟ ಸೇರಿ ಅಮೆರಿಕದಲ್ಲಿ ಎರಡು ವರ್ಷಕ್ಕೆ ಅರ್ಧ ಕೋಟಿ ದಾಟುವುದು ಏನೂ ಕಷ್ಟವಲ್ಲ. ಸಾಲ ಮಾಡಿ ಹೋದರೆ ತೀರಿಸಲು ಅಲ್ಲೇ ಕೆಲಸ ಸಿಗಬೇಕು. ಓದಿದ ಮೇಲೆ ವಿದ್ಯಾರ್ಥಿ ವೀಸಾದ ಮೇಲೆ ಒಂದು ವರ್ಷ ಕೆಲಸ ಮಾಡಬಹುದು. ಕೋರ್ಸ್ ಅಲ್ಲಿನ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ) ಪಟ್ಟಿಯಲ್ಲಿದ್ದರೆ ಇನ್ನೆರಡು ವರ್ಷ. ಅರ್ಜಿ ಹಾಕುವ ಮೊದಲೇ ಈ ಒಂದು ಸಾಲನ್ನು ಆಯಾ ಕಾಲೇಜಿಗೆ ಬರೆದು ಕೇಳಿ. ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಹಾಗಾದರೆ ಯಾರಿಗೆ ಸರಿ? ಔಷಧ ಕಂಪನಿ, ಆಸ್ಪತ್ರೆ, ವೈದ್ಯಕೀಯ ಅನಿಮೇಶನ್ ಸ್ಟುಡಿಯೊಗಳಲ್ಲಿ ಅಲ್ಲೇ ನೆಲೆಸಿ ಕೆಲಸ ಮಾಡಬೇಕು ಎನ್ನುವವರಿಗೆ ಇದಕ್ಕಿಂತ ನೇರವಾದ ಬಾಗಿಲಿಲ್ಲ. ಓದಿ ಮೈಸೂರಿಗೆ ವಾಪಸ್ ಬರುವ ಯೋಚನೆ ಇದ್ದರೆ, ಸಾಲ ಡಾಲರಿನಲ್ಲಿ, ದುಡಿಮೆ ರೂಪಾಯಿಯಲ್ಲಿ. ಬೇಡ ಅನ್ನುತ್ತೇನೆ.

ದಾರಿ ಮೂರು: ಇಲ್ಲಿನ ಡಿಸೈನ್ ಅಥವಾ ಕಲಾ ಶಾಲೆ

ಅಹಮದಾಬಾದಿನ ಎನ್‌ಐಡಿ, ಸೀಡ್ (CEED) ಪ್ರವೇಶ ಪರೀಕ್ಷೆಯ ಮೂಲಕ ಐಐಟಿ ಬಾಂಬೆಯ ಐಡಿಸಿ, ಯಲಹಂಕದ ಸೃಷ್ಟಿ ಮಣಿಪಾಲ್, ಲಲಿತಕಲೆಗೆ ಚಿತ್ರಕಲಾ ಪರಿಷತ್ತು. ಇವು ಯಾವುವೂ ಜೀವಕೋಶದ ಚಿತ್ರಕಾರರನ್ನು ತಯಾರು ಮಾಡಲು ಇರುವ ಶಾಲೆಗಳಲ್ಲ. ಅವು ಕಲಿಸುವುದು ಚೌಕಟ್ಟು, ಅಕ್ಷರ, ಬಣ್ಣ, ಕಥೆ, ಚಲನೆ. ವಿಜ್ಞಾನಿಗಳು ಮಾಡಿದ ಚಿತ್ರಗಳಲ್ಲಿ ಎದ್ದು ಕಾಣುವ ಕೊರತೆಯೂ ಇದೇ. ಎಲ್ಲವೂ ಸರಿಯಾಗಿರುತ್ತದೆ, ಕಣ್ಣು ಎಲ್ಲಿ ನಿಲ್ಲಬೇಕೆಂದು ಮಾತ್ರ ತಿಳಿಯುವುದಿಲ್ಲ.

ಈ ದಾರಿಯ ದೊಡ್ಡ ಲಾಭವನ್ನು ಯಾರೂ ಹೇಳುವುದಿಲ್ಲ: ವಿಜ್ಞಾನದ ಕೆಲಸ ಇಲ್ಲದ ತಿಂಗಳಲ್ಲಿ ಗೇಮ್, ಜಾಹೀರಾತು, ಆ್ಯಪ್ ಡಿಸೈನ್ ಮಾಡಿ ಬದುಕಬಹುದು. ಪಿಎಚ್‌ಡಿ ಮಾಡಿದವರಿಗೆ ಆ ಸೌಕರ್ಯವಿಲ್ಲ. ಫೀಸಿನಲ್ಲಿ ಸರ್ಕಾರಿ ಸಂಸ್ಥೆಗೂ ಖಾಸಗಿ ಸಂಸ್ಥೆಗೂ ಅಜಗಜಾಂತರ, ಅದನ್ನು ನೋಡಿಕೊಳ್ಳಿ.

ಕೊರತೆ ವಿಜ್ಞಾನ. ಅದನ್ನು ತುಂಬಿಕೊಳ್ಳುವುದು ನಿಮ್ಮದೇ ಜವಾಬ್ದಾರಿ. ಐಐಟಿಗಳ ಆನ್‌ಲೈನ್ ಪಾಠತಾಣ ಎನ್‌ಪಿಟಿಇಎಲ್‌ನ ಕೋಶವಿಜ್ಞಾನದ ಪಾಠಗಳು, ಐಬಯಾಲಜಿ ಜಾಲತಾಣದ ಉಪನ್ಯಾಸಗಳು, ಪ್ರೋಟೀನ್ ಡೇಟಾ ಬ್ಯಾಂಕಿನ ಕಲಿಕೆಯ ಪುಟಗಳು ಉಚಿತ. ಆದರೆ ವಿಡಿಯೊ ನೋಡಿದ ಮಾತ್ರಕ್ಕೆ ಆಗುವುದಿಲ್ಲ. ಡಿಪ್ಲೊಮಾ ಪ್ರಾಜೆಕ್ಟನ್ನು ಒಂದು ಲ್ಯಾಬಿನ ಜೊತೆ ಮಾಡಿ. ವಾರಕ್ಕೊಮ್ಮೆ ಅವರ ಲ್ಯಾಬ್ ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತು ಕೇಳಿ. ಮೊದಲೆರಡು ತಿಂಗಳು ಏನೂ ಅರ್ಥವಾಗದಿದ್ದರೆ ಗಾಬರಿ ಬೇಡ, ಹೊಸ ಪಿಎಚ್‌ಡಿ ವಿದ್ಯಾರ್ಥಿಗಳ ಗತಿಯೂ ಅದೇ.

ದಾರಿ ನಾಲ್ಕು: ಇದ್ದಲ್ಲಿಂದಲೇ ಫ್ರೀಲಾನ್ಸ್

ಬಂಡವಾಳ ಅತಿ ಕಡಿಮೆ. ವೆಕ್ಟರ್ ಚಿತ್ರಕ್ಕೆ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಇಂಕ್‌ಸ್ಕೇಪ್, 3ಡಿಗೆ ಬ್ಲೆಂಡರ್, ಬ್ಲೆಂಡರಿನೊಳಗೆ ಪ್ರೋಟೀನ್ ತರಲು ಮಾಲಿಕ್ಯುಲರ್ ನೋಡ್ಸ್, ಎಲ್ಲ ಉಚಿತ. ಅಣುಗಳ ರಚನೆ ತೋರಿಸುವ ಕಿಮೆರಾಎಕ್ಸ್ ಓದಿಗೆ ಮತ್ತು ಸಂಶೋಧನೆಗೆ ಉಚಿತ, ವ್ಯಾಪಾರಿ ಕೆಲಸಕ್ಕೆ ಲೈಸೆನ್ಸ್ ಬೇಕು. ಔಷಧ ಕಂಪನಿಗೆ ಕೆಲಸ ಮಾಡುವಾಗ ಇದನ್ನು ಮರೆಯಬೇಡಿ. ಒಂದು ಡ್ರಾಯಿಂಗ್ ಟ್ಯಾಬ್ಲೆಟ್ ಕೊಂಡರೆ ಅಂಗಡಿ ತೆರೆದ ಹಾಗೆ.

ಆದರೆ ಗಿರಾಕಿ ಯಾರು? ಇಲ್ಲಿ ಕಹಿ ಮಾತು ಹೇಳಲೇಬೇಕು. ಬಾಣ, ಡಬ್ಬಿ, ಒಂದು ಇಲಿ, ಒಂದು ಪೆಟ್ರಿ ತಟ್ಟೆ ಇರುವ ಸಾಧಾರಣ ಫಿಗರಿಗೆ ವಿಜ್ಞಾನಿ ನಿಮ್ಮ ಹತ್ತಿರ ಬರುವುದಿಲ್ಲ. ಸಿದ್ಧ ಚಿತ್ರಗಳಿರುವ ಬಯೋರೆಂಡರ್ ಎಂಬ ತಾಣದಲ್ಲಿ ಚಂದಾ ಕಟ್ಟಿ ಅವರೇ ಮಾಡಿಕೊಳ್ಳುತ್ತಾರೆ. ಚಂದಾ ಬೇಡವೆಂದರೆ ಸರ್ವಿಯರ್ ಮೆಡಿಕಲ್ ಆರ್ಟ್ ಥರದ ಉಚಿತ ಸಂಗ್ರಹಗಳಿವೆ. ನಿಮ್ಮ ಅನ್ನ ಇರುವುದು ಟೆಂಪ್ಲೇಟ್ ಇಲ್ಲದ ಕಡೆ: ಒಂದು ಲ್ಯಾಬ್ ಮೊದಲ ಬಾರಿ ಕಂಡುಕೊಂಡ ರಚನೆ, ಜರ್ನಲ್ ಮುಖಪುಟ, ಅನುದಾನದ ಅರ್ಜಿಯ ಒಂದೇ ಒಂದು ಮುಖ್ಯ ಚಿತ್ರ, ಒಂದು ನಿಮಿಷದ ಅನಿಮೇಶನ್.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರ ಫೆಬ್ರುವರಿಯಲ್ಲಿ ಫ್ರಾಂಟಿಯರ್ಸ್ ಪ್ರಕಾಶನದ ಒಂದು ಜರ್ನಲ್, ಮಿಡ್‌ಜರ್ನಿ ಎಂಬ ಎಐ ಸಾಧನದಿಂದ ಮಾಡಿಸಿದ ಅಸಂಬದ್ಧ ಇಲಿಯ ಚಿತ್ರವಿದ್ದ ಪೇಪರನ್ನು ನಗೆಪಾಟಲಾದ ಮೇಲೆ ಹಿಂತೆಗೆದುಕೊಂಡಿತು. ನೇಚರ್ ಜರ್ನಲ್ 2023ರಲ್ಲೇ ಎಐ ಸೃಷ್ಟಿಸಿದ ಚಿತ್ರಗಳನ್ನು ಪ್ರಕಟಿಸುವುದಿಲ್ಲ ಎಂದಿತ್ತು. ಹಾಗೆಂದು ಆರಾಮಾಗಿ ಕೂರಬೇಡಿ. ಬ್ಲಾಗು, ಪೋಸ್ಟರು, ಕಂಪನಿ ಸ್ಲೈಡುಗಳ ಅಲಂಕಾರಿಕ ಕೆಲಸ ಕೈಬಿಟ್ಟು ಹೋಗುತ್ತಿದೆ. ಉಳಿಯುವುದು, ಪ್ರತಿ ಗೆರೆಗೂ ಯಾಕೆ ಅಂತ ಉತ್ತರ ಕೊಡಬೇಕಾದ ಚಿತ್ರ.

ಹಣದ ವಿಷಯದಲ್ಲಿ ತಾಳ್ಮೆ ಬೇಕು. ಸಂಶೋಧನಾ ಸಂಸ್ಥೆಗಳಲ್ಲಿ ಕೊಟೇಶನ್, ಬಿಲ್ಲು, ಅಕೌಂಟ್ಸ್ ಎಂದು ಫೈಲು ಓಡಾಡುತ್ತದೆ. ಅರ್ಧ ಮುಂಗಡ ಕೇಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಮೊದಲೇ ಬರೆದುಕೊಳ್ಳಿ. ವಿಜ್ಞಾನಿಗಳಿಗೆ ತಿದ್ದುಪಡಿ ಅಂದರೆ ಪ್ರೀತಿ.

ಹಕ್ಕಿನ ಮಾತನ್ನೂ ಬರೆದುಕೊಳ್ಳಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ, ನೌಕರಿಯ ಭಾಗವಾಗಿ ಬರೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರೇ ಮೊದಲ ಒಡೆಯರು. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್‌ಗೂ ಹಾಗೇ, ಬರೆಸಿದವರೇ ಒಡೆಯರು. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ತಿಳಿಯುತ್ತದೆ. ಒಂದು ಪುಟದ ಒಪ್ಪಂದ ಸಾಕು, ಆದರೆ ಇರಲೇಬೇಕು.

ಸ್ಟುಡಿಯೊ, ಎಡ್‌ಟೆಕ್, ಸಂಸ್ಥೆಯ ಸಂವಹನ ವಿಭಾಗದ ನೌಕರಿ ಬೇರೆ ದಾರಿಯೇನಲ್ಲ. ಮೇಲಿನ ನಾಲ್ಕರಲ್ಲಿ ಯಾವುದರಿಂದಲೂ ಅಲ್ಲಿಗೆ ಹೋಗಬಹುದು. ಸಂಬಳ ಖಚಿತ, ವಿಷಯದ ಆಯ್ಕೆ ನಿಮ್ಮದಲ್ಲ.

ಈಗ ನಿಮ್ಮ ಲೆಕ್ಕ

ಪಿಯುಸಿಯಲ್ಲಿದ್ದೀರಾ? ಪಿಸಿಎಂಬಿ ಬಿಡಬೇಡಿ, ಸ್ಕೆಚ್ ಬುಕ್ಕೂ ಬಿಡಬೇಡಿ. ಇಷ್ಟು ಬೇಗ ನಿರ್ಧರಿಸುವ ತುರ್ತಿಲ್ಲ. ವಿಜ್ಞಾನ ಬಿಟ್ಟವರು ವಾಪಸ್ ಬರುವುದು ಕಷ್ಟ, ಚಿತ್ರಕ್ಕೆ ಆ ತೊಂದರೆ ಇಲ್ಲ.

ಬಿಎಸ್ಸಿ, ಎಂಎಸ್ಸಿ ಮುಗಿದಿದೆ, ಮನೆಯಿಂದ ಹಣ ಬರುವುದಿಲ್ಲ ಎನ್ನುವವರಿಗೆ ಲ್ಯಾಬಿನ ಪ್ರಾಜೆಕ್ಟ್ ಕೆಲಸ, ಸಂಜೆ ಬ್ಲೆಂಡರ್. ಎರಡು ವರ್ಷದ ನಂತರ ಪ್ರಯೋಗದ ರುಚಿ ಹತ್ತಿದ್ದರೆ ಪಿಎಚ್‌ಡಿ, ಇಲ್ಲವಾದರೆ ಫ್ರೀಲಾನ್ಸ್. ಈ ಗುಂಪಿನವರೇ ಜಾಸ್ತಿ. ಅವರಿಗೆ ಇದಕ್ಕಿಂತ ಕಡಿಮೆ ಅಪಾಯದ ಜೋಡಿ ನನಗಂತೂ ಕಾಣುವುದಿಲ್ಲ. ಹಣವಿದೆ, ಹೊರದೇಶದಲ್ಲೇ ನೆಲೆಸುವ ಮನಸ್ಸೂ ಇದೆ ಎಂದರೆ ಎರಡನೇ ದಾರಿ, ಅದಕ್ಕೂ ಮೊದಲು ಒಂದು ವರ್ಷ ಮನುಷ್ಯನ ಮೈ ಬರೆದು ಕೈ ಪಳಗಿಸಿ. ಅನಿಮೇಶನ್ ಓದಿದವರು ಇನ್ನೊಂದು ಸಾಫ್ಟ್‌ವೇರ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಆ ದುಡ್ಡಿನಲ್ಲಿ ಕೆಲವು ತಿಂಗಳು ಕೆಲಸ ಕಡಿಮೆ ಮಾಡಿಕೊಂಡು ಒಂದು ಲ್ಯಾಬಿನ ಬಾಗಿಲು ತಟ್ಟಿ.

ಬಾಗಿಲು ತಟ್ಟುವ ಕ್ರಮ ಹೀಗಿರಲಿ. ನಿಮ್ಮ ಊರಿಗೆ ಹತ್ತಿರದ ಲ್ಯಾಬ್ ಒಂದರ ಇತ್ತೀಚಿನ ಪೇಪರ್ ಓದಿ. ಅದರ ಕೊನೆಯ ಫಿಗರನ್ನು, ಅಂದರೆ ಇಡೀ ಕಥೆ ಹೇಳುವ ಮಾಡೆಲ್ ಚಿತ್ರವನ್ನು, ನೀವು ಹೊಸದಾಗಿ ಬರೆಯಿರಿ. ನೇಚರ್ ಅಳತೆಯಲ್ಲಿ ಒಂದು ಕಾಲಂಗೆ 89 ಮಿಲಿಮೀಟರ್, ಎರಡು ಕಾಲಂಗೆ 183. ಕೆಂಪು-ಹಸಿರು ಜೋಡಿ ಬೇಡ, ಗಂಡಸರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿಗೆ ಆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಅದರ ಬದಲು ಮೆಜೆಂಟಾ-ಹಸಿರು ಹಾಕಿ. ಪೇಪರಿನಲ್ಲಿ ನಿಮಗೆ ಅರ್ಥವಾಗದ ಎರಡು ಜಾಗಗಳನ್ನು ಪ್ರಶ್ನೆಯಾಗಿ ಬರೆಯಿರಿ. ಇದನ್ನು ಪ್ರೊಫೆಸರಿಗೆ ಕಳಿಸಬೇಡಿ, ಅವರ ಇನ್‌ಬಾಕ್ಸ್ ತುಂಬಿರುತ್ತದೆ. ಪೇಪರಿನ ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರಿನವರಿಗೆ ಕಳಿಸಿ. ಮುಂದಿನ ಫಿಗರ್ ಮಾಡಲು ರಾತ್ರಿ ನಿದ್ದೆಗೆಡುತ್ತಿರುವವರು ಸಾಮಾನ್ಯವಾಗಿ ಅವರೇ.